ಬಾಯಿ ಹೇಳಿದ್ದು, ಕೈ ಮಾಡಿದ್ದು

೧೯೬೪ರ ಜೂನ್ ತಿಂಗಳಲ್ಲಿ ಪುತ್ತೂರಿನ ಕಾಲೇಜೊಂದರ ರಸಾಯನಶಾಸ್ತ್ರ ವಿಭಾಗಕ್ಕೆ ನಾನು ಡೆಮಾನ್‌ಸ್ಟ್ರೇಟರ್ ಆಗಿ ಸೇರಿದೆ. ಬಿ.ಎಸ್ಸಿ. ಮುಗಿಸಿ ಬಂದವನಿಗೆ ಅದು ಮೊದಲ ಕೆಲಸ. ತರಗತಿಯಲ್ಲಿ ಪಾಠ ಮಾಡುವುದು ಹಿರಿಯ ಅಧ್ಯಾಪಕರ ಪಾಲಿನದು. ಮಧ್ಯಾಹ್ನ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳ ಪಕ್ಕ ನಿಂತು ಕೈಕೆಲಸ ತೋರಿಸುವುದು, ಯಾರ ಮೈಮೇಲೂ ಏನೂ ಬೀಳದಂತೆ ನೋಡಿಕೊಳ್ಳುವುದು ನನ್ನ ಪಾಲಿನದು.

ಪಿ.ಯು.ಸಿ. ಎಂದರೆ ಆಗ ಒಂದು ವರ್ಷದ ತರಗತಿ. ಸುಳ್ಯ, ಕಡಬ, ಪೆರಾಬೆಗಳ ಕಡೆಯಿಂದ ಬರುತ್ತಿದ್ದ ಮಕ್ಕಳು ಅಲ್ಲಿಯವರೆಗೆ ಎಲ್ಲವನ್ನೂ ಕನ್ನಡದಲ್ಲಿ ಓದಿದವರು. ಮನೆಯಲ್ಲಿ ತುಳುವೋ ಅರೆಭಾಷೆಯೋ ಮಲಯಾಳವೋ ಇದ್ದುದರಿಂದ ಕನ್ನಡವನ್ನೇ ಅವರು ಶಾಲೆಗೆ ಬಂದು ಕಲಿತಿದ್ದರು. ಈಗ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಎಲ್ಲವೂ ಒಮ್ಮೆಲೇ ಇಂಗ್ಲಿಷಿನಲ್ಲಿ. ದಡ್ಡರಲ್ಲದ ಆ ಮಕ್ಕಳು ತಮಗೆ ಗೊತ್ತಿದ್ದ ದಾರಿಯನ್ನೇ ಹಿಡಿದರು. ಪುಸ್ತಕದ ಪುಟಕ್ಕೆ ಪುಟವನ್ನೇ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. "ಅಂಡರ್‌ಸ್ಟ್ಯಾಂಡ್?" ಎಂದು ಕೇಳಿದರೆ ಇಡೀ ತರಗತಿ ಒಂದೇ ದನಿಯಲ್ಲಿ "ಯೆಸ್ ಸರ್" ಎನ್ನುತ್ತಿತ್ತು. ಗುರುಗಳ ಮುಂದೆ ತಿಳಿಯಲಿಲ್ಲ ಎನ್ನುವುದು ಅವರ ಪಾಠ ಸರಿಯಿಲ್ಲ ಎಂದಂತೆ, ಹಾಗಾಗಿ ಅದು ಮರ್ಯಾದೆಯಲ್ಲ ಎಂದು ಅವರಿಗೆ ಚಿಕ್ಕಂದಿನಿಂದ ಕಲಿಸಲಾಗಿತ್ತು.

ಹಿರಿಯ ಅಧ್ಯಾಪಕರು ಮದ್ರಾಸಿನ ಕಡೆಯವರು. ಒಳ್ಳೆಯ ಮನುಷ್ಯ, ಕನ್ನಡ ಬಾರದು. ಪ್ರಯೋಗಾಲಯದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೂಡದು ಎಂಬುದು ಅವರ ನಿಯಮ. ಆಸಿಡ್ ಬಾಟಲಿಯ ಬಿರಡೆ ತೆಗೆಯುವ ಮೊದಲು ಪ್ರತಿಯೊಬ್ಬರೂ ಕೈಪಿಡಿಯಲ್ಲಿದ್ದ ಎಚ್ಚರಿಕೆಯ ವಾಕ್ಯವನ್ನು ಗಟ್ಟಿಯಾಗಿ ಹೇಳಬೇಕು ಎಂಬುದು ಇನ್ನೊಂದು. ಇದರಿಂದ ಭಾಷೆಯೂ ಬರುತ್ತದೆ, ಅಪಾಯವೂ ತಪ್ಪುತ್ತದೆ ಎಂದು ಅವರು ನಂಬಿದ್ದರು. ಕೇಳಿದರೆ ಯಾರಾದರೂ ಒಪ್ಪುವ ಮಾತು.

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಗಂಧಕಾಮ್ಲವನ್ನು, ಅಂದರೆ ಸಲ್ಫ್ಯೂರಿಕ್ ಆಸಿಡ್ಡನ್ನು, ತೆಳುಮಾಡುವ ಕೆಲಸವಿತ್ತು. ಗಟ್ಟಿ ಆಸಿಡ್ ನೀರಿನೊಡನೆ ಸೇರುವಾಗ ವಿಪರೀತ ಕಾವು ಹುಟ್ಟುತ್ತದೆ. ತುಂಬ ನೀರಿಗೆ ಸ್ವಲ್ಪ ಸ್ವಲ್ಪವೇ ಆಸಿಡ್ ಹಾಕಿ ಕಲಕಿದರೆ ಆ ಕಾವನ್ನು ನೀರು ತಡೆದುಕೊಳ್ಳುತ್ತದೆ. ಆಸಿಡ್ಡಿಗೆ ನೀರು ಹಾಕಿದರೆ ನೀರು ಬಿದ್ದಲ್ಲೇ ಕುದಿದು ಆಸಿಡ್ಡನ್ನು ಎತ್ತಿ ಎರಚುತ್ತದೆ.

ಚಂದ್ರಾವತಿಯ ಸರದಿ ಬಂತು. ಸುಳ್ಯದ ಹತ್ತಿರ ಅರೆಭಾಷೆ ಮಾತಾಡುವ ಬೇಸಾಯದ ಮನೆಯ ಹುಡುಗಿ. ಪುತ್ತೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ವಿಜ್ಞಾನ ಕಲಿತು ಹೈಸ್ಕೂಲಿಗೆ ಟೀಚರ್ ಆಗಬೇಕೆಂದು ಹಟ ಹಿಡಿದು ಬಂದವಳು. ಕೈಕಟ್ಟಿ ನಿಂತು ಹೇಳಿದಳು: "ಆಲ್ವೇಸ್ ಆಡ್ ಆಸಿಡ್ ಟು ವಾಟರ್. ನೆವರ್ ಆಡ್ ವಾಟರ್ ಟು ಆಸಿಡ್." ಯಾವಾಗಲೂ ನೀರಿಗೆ ಆಸಿಡ್ ಹಾಕು, ಎಂದೂ ಆಸಿಡ್ಡಿಗೆ ನೀರು ಹಾಕಬೇಡ ಎಂದು ಅದರ ಅರ್ಥ. ಎಲ್ಲಿಯೂ ತಡವರಿಸಲಿಲ್ಲ. "ವೆರಿ ಗುಡ್," ಎಂದು ಹಿರಿಯ ಅಧ್ಯಾಪಕರು ಮುಂದಿನ ಮೇಜಿಗೆ ಹೋದರು.

ನಾನು ಅವಳ ಬಲಗಡೆ, ಎರಡು ಮೇಜುಗಳಾಚೆ ಇದ್ದೆ. ಅವಳು ಬೀಕರಿಗೆ ಆಸಿಡ್ ಸುರಿದುಕೊಂಡಳು. ಆಮೇಲೆ ನೀರಿನ ಜಗ್ಗು ಎತ್ತಿದಳು. ತುಟಿ ಇನ್ನೂ ಆಡುತ್ತಿತ್ತು, ಅದೇ ವಾಕ್ಯವನ್ನು ಮತ್ತೊಮ್ಮೆ ಹೇಳಿಕೊಳ್ಳುತ್ತಿತ್ತು. ಕೈ ಮಾತ್ರ ಅದಕ್ಕೆ ತದ್ವಿರುದ್ಧವಾಗಿ ಜಗ್ಗನ್ನು ಬೀಕರಿನ ಮೇಲೆ ಬಾಗಿಸುತ್ತಿತ್ತು.

"ಚಂದ್ರಾವತಿ, ಬೇಡ," ಎಂದು ಕೂಗಿದೆ. ನಿಯಮ ನೆನಪಾಗಲಿಲ್ಲ, ಬಂದದ್ದು ಕನ್ನಡ. ಅವಳು ಥಟ್ಟನೆ ಮುಖವನ್ನು ನನ್ನ ಕಡೆ ತಿರುಗಿಸಿದಳು. ಅಷ್ಟರಲ್ಲಿ ನೀರು ಬಿದ್ದಿತ್ತು. ಚೊರ್ ಎಂಬ ಸದ್ದು, ಬಿಳಿ ಹೊಗೆ. ಬಲಗೈಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಆಸಿಡ್ ಎರಚಿತು, ಎಡಗಿವಿಯ ಕೆಳಗೆ ಒಂದೆರಡು ಹನಿ. ಉಳಿದದ್ದು ಒಂದು ಕ್ಷಣ ಮೊದಲು ಅವಳ ಕಣ್ಣುಗಳಿದ್ದ ಜಾಗವನ್ನು ದಾಟಿ ಹೋಗಿ ಗೋಡೆಗೆ ಬಡಿಯಿತು. ಸುಣ್ಣದ ಗೋಡೆ ಅಲ್ಲಲ್ಲಿ ನೊರೆಯೆದ್ದು ಇಳಿಯಿತು.

ಆ ನೊರೆ ಇಂದಿಗೂ ನನ್ನ ಕಣ್ಣ ಮುಂದಿದೆ. ಅವಳು ತಿರುಗದೇ ಇದ್ದಿದ್ದರೆ ಎಂದು ಲೆಕ್ಕ ಹಾಕುವುದನ್ನು ಇಷ್ಟು ವರ್ಷಗಳಾದರೂ ನಿಲ್ಲಿಸಲಾಗಿಲ್ಲ. ಮನೆಯಲ್ಲಿ ಯಾರಾದರೂ ಚೊಂಬು ಬಾಗಿಸಿದರೆ ನನ್ನ ಮೈ ತಾನಾಗಿ ಮುಂದಕ್ಕೆ ಹೋಗುತ್ತದೆ.

ಅಟೆಂಡರ್ ಐತಪ್ಪನೂ ನಾನೂ ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಬಹಳ ಹೊತ್ತು ನೀರು ಬಿಟ್ಟೆವು. ಅವಳು ಅಳಲಿಲ್ಲ. ಒಂದೇ ಮಾತು ಕೇಳಿದಳು: "ನಾನು ಸರಿಯಾಗಿಯೇ ಹೇಳಿದ್ದೆ ಅಲ್ವಾ ಸರ್?"

ಕಣ್ಣಿಗೆ ಏನೂ ಆಗಿಲ್ಲ, ಕೈಯಲ್ಲಿ ಕಲೆ ಉಳಿಯುತ್ತದೆ ಎಂದು ಡಾಕ್ಟರು ಹೇಳಿದರು.

ಕೆಲವು ದಿನಗಳ ಬಳಿಕ ಚಂದ್ರಾವತಿಯನ್ನು ನೋಡಲು ಅವಳ ಅತ್ತೆಯ ಮನೆಗೆ ಹೋದಾಗ ಅವಳ ತಂದೆ ಜಗಲಿಯಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಅವಳ ಟ್ರಂಕು.

"ಬನ್ನಿ ಮಾಷ್ಟ್ರೆ," ಎಂದರು. "ನಿಮ್ಮಲ್ಲಿ ಮಕ್ಕಳಿಗೆ ಕಲಿಸುದಾ, ಸುಡುದಾ? ಕಣ್ಣು ಉಂಟಲ್ಲ, ಅಷ್ಟು ಸಾಕು. ನಾಳೆ ಬಸ್ಸಿಗೆ ನಾವು ಹೋಗುದು."

ನಾನು ಬಾಗಿಲಲ್ಲಿ ನಿಂತಿದ್ದ ಚಂದ್ರಾವತಿಯ ಕಡೆ ತಿರುಗಿ, ಆ ವಾಕ್ಯದ ಅರ್ಥವೇನೆಂದು ಕನ್ನಡದಲ್ಲಿ ಕೇಳಿದೆ.

"ಆಸಿಡ್ ಉಂಟು, ನೀರು ಉಂಟು, ಸೇರಿಸುದು ಅಂತ ಗೊತ್ತಿತ್ತು ಸರ್. ಯಾವುದಕ್ಕೆ ಯಾವುದು ಅಂತ ನೋಡಿಲ್ಲ. ಹೇಳುವಾಗ ಅರ್ಥ ಯೋಚನೆ ಮಾಡಿದ್ರೆ ಬಾಯಿಪಾಠ ತಪ್ಪಿ ಹೋಗ್ತದೆ."

ಕಾವಿನ ವಿಷಯವನ್ನು ವಿವರಿಸಿದೆ. ಅವಳು ಮುಖವೆತ್ತಿ, "ಕಾದ ಎಣ್ಣೆಗೆ ನೀರು ಬಿದ್ದ ಹಾಗಾ? ಅಷ್ಟೆಯಾ?" ಎಂದಳು.

"ಇಷ್ಟು ಹೇಳ್ಲಿಕ್ಕೆ ಇಂಗ್ಲಿಷ್ ಯಾಕೆ ಮಾರಾಯ್ರೆ?" ಎಂದರು ತಂದೆ.

"ಪುಸ್ತಕ ಅದರಲ್ಲೇ ಉಂಟಲ್ಲ ಅಪ್ಪ," ಎಂದು ಅವಳೇ ಉತ್ತರ ಕೊಟ್ಟಳು. "ನಾನು ಈಗ ಬಂದ್ರೆ ಹೆದರಿ ಬಂದ ಹಾಗೆ ಆಗ್ತದೆ. ಇಂಗ್ಲಿಷ್ ಸರಿ ಕಲಿತೇ ಬರುದು."

ಅವರು ಟ್ರಂಕನ್ನು ಗೋಡೆಯ ಕಡೆಗೆ ಸರಿಸಿದರು. "ಆಗಲಿ. ಆದರೆ ಮಾಡುದು ಎಂತ ಅಂತ ಗೊತ್ತಿಲ್ಲದೆ ಇವಳು ಇನ್ನೊಂದು ಬಾಟ್ಲಿ ಮುಟ್ಟಿದ್ಳು ಅಂತ ಕೇಳಿದ್ರೆ, ಅವತ್ತೇ ಬಂದು ಕರ್ಕೊಂಡು ಹೋಗ್ತೇನೆ. ನೀವು ನೋಡ್ಕೊಳ್ಬೇಕು ಮಾಷ್ಟ್ರೆ."

ಆ ಜವಾಬ್ದಾರಿ ಹೊತ್ತು ಮರಳಿದೆ. ಪ್ರಯೋಗಕ್ಕೆ ಮೊದಲು ಅರ್ಧ ಗಂಟೆ ಮಕ್ಕಳನ್ನು ನನಗೆ ಬಿಡಿ, ಆ ಹೊತ್ತಿನಲ್ಲಿ ಕನ್ನಡವೂ ಇರಲಿ ಎಂದು ಹಿರಿಯ ಅಧ್ಯಾಪಕರನ್ನು ಕೇಳಿಕೊಂಡೆ. ಅವರು ಗೋಡೆಯ ಕಲೆಯನ್ನೇ ನೋಡುತ್ತ ಒಪ್ಪಿದರು. ಗೋಡೆಗೆ ಸುಣ್ಣ ಬಳಿಯುವುದು ಬೇಡ ಎಂದೂ ಹೇಳಿದರು.

ಮೊದಲು ಕಲಿಸಬೇಕಾದ ಇಂಗ್ಲಿಷ್ ವಾಕ್ಯ ಯಾವುದೆಂದು ನನಗೆ ಆಗ ಸ್ಪಷ್ಟವಿತ್ತು. "ಸರ್, ಐ ಹ್ಯಾವ್ ನಾಟ್ ಅಂಡರ್‌ಸ್ಟುಡ್. ಪ್ಲೀಸ್ ಸೇ ಇಟ್ ಅಗೇನ್." ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ. ಆದರೆ ನನ್ನ ಮುಖ ನೋಡಿಕೊಂಡು ಅದನ್ನು ಹೇಳಲು ಒಬ್ಬರಿಗೂ ಬಾಯಿ ಬರಲಿಲ್ಲ. ಕೊನೆಗೆ ಐತಪ್ಪನನ್ನು ಅಧ್ಯಾಪಕರ ಸ್ಟೂಲಿನ ಮೇಲೆ ಕೂರಿಸಿದೆ. ಅವನು ಕೆಮ್ಮಿ, ಕತ್ತು ನೆಟ್ಟಗೆ ಮಾಡಿಕೊಂಡು, ಸುತ್ತಲಿನ ಊರುಗಳ ಹೆಸರನ್ನೇ ಪೋಣಿಸಿ ಶುರುಮಾಡಿದ: "ದ ಬೀಕರ್ ಈಸ್ ಕಬಕ. ದ ಕಬಕ ಈಸ್ ಪೆರಾಬೆ. ಅಂಡರ್‌ಸ್ಟ್ಯಾಂಡ್?"

"ಯೆಸ್ ಸರ್," ಎಂದಿತು ಇಡೀ ತರಗತಿ.

"ಎಂತ ಯೆಸ್ ಸರ್ ಮಾರಾಯ್ರೆ? ಹೇಳಿದ ನನಗೇ ಅರ್ಥ ಆಗಿಲ್ಲ, ನಿಮಗೆ ಹೇಗೆ ಆಯ್ತು?"

ನಗು ಅಡಗಿದ ಮೇಲೆ ಎದ್ದವಳು ಚಂದ್ರಾವತಿ. ಬ್ಯಾಂಡೇಜ್ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ಐತಪ್ಪನಿಗೆ ಆ ವಾಕ್ಯ ಹೇಳಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹೇಳಿದರು.

ಅನಂತರ ಬರೀ ನೀರಿನಲ್ಲಿ ಅಭ್ಯಾಸ. ಬಣ್ಣ ಹಾಕಿದ ನೀರೇ ಆಸಿಡ್ ಎಂದು ಇಟ್ಟುಕೊಂಡೆವು. ಏನು ಮಾಡಬೇಕೆಂದು ಮೊದಲು ಪಕ್ಕದವರಿಗೆ ತನ್ನ ಮನೆಮಾತಿನಲ್ಲೋ ಕನ್ನಡದಲ್ಲೋ ಹೇಳಬೇಕು, ಮಾಡಿ ತೋರಿಸಬೇಕು. ಎರಡನೆಯ ಸಲ ಮಾಡುವಾಗ ಇಂಗ್ಲಿಷ್: "ಐ ಆಮ್ ಟೇಕಿಂಗ್ ದ ಜಗ್. ಐ ಆಮ್ ಪೋರಿಂಗ್ ದ ವಾಟರ್." ಕೈ ನಿಂತರೆ ಮಾತೂ ನಿಲ್ಲಬೇಕು. ಕೈಪಿಡಿಯ ಕ್ರಮದಲ್ಲೇ ಕೇಳಿದರೆ ಬಾಯಿಪಾಠ ಮತ್ತೆ ನುಸುಳುತ್ತಿತ್ತು, ಆದ್ದರಿಂದ ನಾನು ಬೇಕೆಂದೇ ಹಿಂದುಮುಂದಾಗಿ ಕೆಲಸ ಹೇಳುತ್ತಿದ್ದೆ. ಮನೆಯಲ್ಲೂ ಹೀಗೆಯೇ: ತಟ್ಟೆ ತೊಳೆಯುವಾಗ, ತಲೆ ಬಾಚುವಾಗ ಅದನ್ನೇ ಇಂಗ್ಲಿಷಿನಲ್ಲಿ ಹೇಳಿಕೊಳ್ಳುವುದು, ಔಷಧಿ ಬಾಟಲಿ, ಬಿಸ್ಕತ್ತಿನ ಡಬ್ಬಗಳ ಮೇಲಿನ ಬರಹ ಓದಿ ಅದರ ಅರ್ಥವನ್ನು ಮನೆಯವರಿಗೆ ತಿಳಿಸುವುದು. ಮಾತಾಡುವಾಗ ನಡುವೆ ತಪ್ಪು ತಿದ್ದುತ್ತಿರಲಿಲ್ಲ, ಮುಗಿದ ಮೇಲೆ ಒಂದನ್ನೋ ಎರಡನ್ನೋ ತಿದ್ದುತ್ತಿದ್ದೆ. ಎಲ್ಲವನ್ನೂ ತಿದ್ದಿದರೆ ಮರುದಿನ ಬಾಯಿಯೇ ತೆರೆಯುತ್ತಿರಲಿಲ್ಲ.

ಎಲ್ಲರಿಗೂ ಇದು ಹಿಡಿಸಿತೆಂದಲ್ಲ. ಕೋಡಿಂಬಾಳದ ಹುಡುಗನೊಬ್ಬ ನೇರವಾಗಿಯೇ ಕೇಳಿದ: "ಸರ್, ಪರೀಕ್ಷೆಯಲ್ಲಿ ನಾವು ಬರೆದ ಕಾಗದ ನೋಡುದಲ್ವಾ? ಬಾಯಿಪಾಠ ಮಾಡಿದ್ರೆ ಬೇಗ ಆಗ್ತದೆ." ಬೇಗ ಆಗುತ್ತಿತ್ತು, ನಿಜ. ಬೆರಳು ತೋರಿಸಿ ಆ ಗೋಡೆಯನ್ನು ನೋಡಲು ಹೇಳಿದೆ. ಅವನು ಜಗ್ಗು ಎತ್ತಿಕೊಂಡ.

ಬಣ್ಣದ ನೀರಿನ ಅಭ್ಯಾಸ ತಿಂಗಳುಗಟ್ಟಲೆ ನಡೆಯಿತು. ಚಂದ್ರಾವತಿಯ ಕೈಯ ಬ್ಯಾಂಡೇಜ್ ಬಿಚ್ಚಿದ್ದಾಯಿತು. ಆದರೆ ನಿಜವಾದ ಆಸಿಡ್ ಬಾಟಲಿಯ ಹತ್ತಿರ ಹೋದಾಗಲೆಲ್ಲ ಅವಳ ಬೆರಳು ಸೆಟೆದುಕೊಳ್ಳುತ್ತಿತ್ತು. ಪ್ರತಿ ಸಲವೂ ಬಾಟಲಿ ಮುಟ್ಟುವ ಮೊದಲು ಮಾಡಲಿರುವುದನ್ನು ಮೆಲ್ಲಗೆ ಅರೆಭಾಷೆಯಲ್ಲಿ ಹೇಳಿಕೊಳ್ಳುತ್ತಿದ್ದಳು, ಆಮೇಲೆ ಇಂಗ್ಲಿಷಿನಲ್ಲಿ.

ಮಾರ್ಚಿನಲ್ಲಿ ಪ್ರಾಯೋಗಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಬಹಳ ವೇಗವಾಗಿ ಮಾತಾಡುವವರು. ಚಂದ್ರಾವತಿಗೆ ಬಂದದ್ದು ಆಸಿಡ್ ತೆಳುಮಾಡುವ ಕೆಲಸವೇ. ಅವರು ಎಷ್ಟು ಮಾಡಬೇಕು, ಹೇಗೆ ಮಾಡಬೇಕು ಎಂದು ಒಂದೇ ಉಸಿರಿಗೆ ಹೇಳಿ, "ಅಂಡರ್‌ಸ್ಟ್ಯಾಂಡ್?" ಎಂದರು. ಬಾಗಿಲ ಬಳಿ ನಿಂತಿದ್ದ ಹಿರಿಯ ಅಧ್ಯಾಪಕರು ನನ್ನನ್ನು ನೋಡಿದರು. ಸಹಾಯ ಮಾಡುವಂತಿರಲಿಲ್ಲ.

"ಸರ್," ಎಂದಳು ಅವಳು, "ಐ ಹ್ಯಾವ್ ನಾಟ್ ಅಂಡರ್‌ಸ್ಟುಡ್. ಪ್ಲೀಸ್ ಸೇ ಇಟ್ ಅಗೇನ್."

ಪರೀಕ್ಷಕರು ಹುಬ್ಬೇರಿಸಿದರು. ಅಂಥ ಉತ್ತರವನ್ನು ಅವರು ಆ ದಿನ ಬೇರೆ ಯಾರಿಂದಲೂ ಕೇಳಿರಲಾರರು. ಕನ್ನಡಕ ಸರಿಮಾಡಿಕೊಂಡು ಮತ್ತೆ ಹೇಳಿದರು, ಈ ಸಲ ನಿಧಾನವಾಗಿ. ಅವಳು ತಲೆಯಾಡಿಸಿ ಬೀಕರಿಗೆ ನೀರು ಸುರಿದಳು. ಅರೆಭಾಷೆಯಲ್ಲಿ ಮೆಲ್ಲಗೆ ಹೇಳಿಕೊಂಡು ಬಾಟಲಿ ಎತ್ತಿದಳು.

"ಐ ಆಮ್ ಪೋರಿಂಗ್ ಆಸಿಡ್ ಇನ್ ವಾಟರ್," ಎಂದಳು. "ಸ್ಲೋಲಿ, ಸರ್. ಬಿಕಾಸ್ ಇಟ್ ವಿಲ್ ಬಿಕಮ್ ಹಾಟ್."

ಕೈಪಿಡಿಯಲ್ಲಿ ಇಲ್ಲದ, ಅವಳದೇ ಆದ ವಾಕ್ಯ. ಬಾಯಿ ಹೇಳಿದ್ದನ್ನೇ ಕೈ ಮಾಡುತ್ತಿತ್ತು. ಆಗ ನೋಡಿಕೊಂಡೆ: ನನ್ನ ಕೈ ನಲ್ಲಿಯ ತಿರುಪಿನ ಮೇಲಿತ್ತು. ಅತ್ತ ಐತಪ್ಪ ಎರಡೂ ಕೈಯಲ್ಲಿ ತುಂಬಿದ ಬಕೆಟ್ ಹಿಡಿದು ನಿಂತಿದ್ದ. ಅದರ ಅಗತ್ಯ ಬೀಳಲಿಲ್ಲ.

ಅವಳು ಪಾಸಾಗಿ ಅಲ್ಲೇ ಬಿ.ಎಸ್ಸಿ.ಗೆ ಸೇರಿದಳು. ಸೇರಿಸಲು ಬಂದ ತಂದೆ ಪ್ರಯೋಗಾಲಯದ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತು, ನನ್ನ ಕೈ ಹಿಡಿದು ಅದುಮಿ ಹೋದರು.

ನಾನು ನಿವೃತ್ತನಾಗುವವರೆಗೂ ಯಾವ ತರಗತಿಯಲ್ಲಿಯೂ ಅರ್ಥವಾಯಿತೇ ಎಂದು ಕೇಳಲಿಲ್ಲ. ಮಾಡಿ ತೋರಿಸು ಎಂದೆ. ಇಂಗ್ಲಿಷ್ ಕಲಿಯುವುದು ಹೇಗೆಂದು ಕೇಳಿ ಬಂದವರಿಗೆಲ್ಲ ಮೊದಲು, ತಿಳಿಯಲಿಲ್ಲ ಎಂದು ಅದರಲ್ಲಿ ಹೇಳಲು ಕಲಿಸಿದೆ. ಯಾರಾದರೂ ತುಂಬ ಬೇಗ "ಯೆಸ್ ಸರ್" ಎಂದರೆ ಈಗಲೂ ನನ್ನ ದೃಷ್ಟಿ ಮೊದಲು ಹೋಗುವುದು ಅವರ ಕೈಯ ಕಡೆಗೆ.