ಗಂಧ ಹಚ್ಚಿದ ಫ್ಲಾಪಿ

ಇದು ಕಟ್ಟುಕಥೆ ಅನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು, ನನಗೇನೂ ಬೇಜಾರಿಲ್ಲ. ಆ ರಾತ್ರಿ ಸಾಗರದ ಆ ಕೋಣೆಯಲ್ಲಿ ಕುಳಿತು ಬೆವರಿದವನು ನಾನು, ನೀವಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ...

ಎಂಬತ್ತರ ದಶಕದ ಕೊನೆಯ ಮಾತು. ಶಿವಮೊಗ್ಗದ ಒಂದು ಕಂಪ್ಯೂಟರ್ ರಿಪೇರಿ ಕಂಪನಿಯಲ್ಲಿ ನಾನು ಮತ್ತು ನಾಗೇಂದ್ರ ಕೆಲಸಕ್ಕಿದ್ದೆವು. ನಾನು ಮೇಳಿಗೆ ಕಡೆಯವನು, ಅವನು ಹೊಸನಗರದವನು. ಸಾಗರದಲ್ಲಿ ಗಂಧದ ಕೆತ್ತನೆ ಮಾಡಿಸಿ ಹೊರದೇಶಕ್ಕೆ ಕಳಿಸುವ ಸಾಹುಕಾರರೊಬ್ಬರ ಕಾರ್ಖಾನೆಗೆ ಕಂಪ್ಯೂಟರ್ ಕೂರಿಸಿದವನು ನಾಗೇಂದ್ರನೇ.

ಆ ಮಷೀನಿನದ್ದು ಒಂದೇ ತಕರಾರು. ಅದರ ಹಾರ್ಡ್ ಡಿಸ್ಕನ್ನು ನಡೆಸುವ ಕಂಟ್ರೋಲರ್ ಕಾರ್ಡು ಅಪರೂಪದ ಪರದೇಶಿ ಮಾಲು. ಆಪರೇಟಿಂಗ್ ಸಿಸ್ಟಂ ಹಾಕುವ ಮೊದಲು ಆ ಕಾರ್ಡಿನ ಡ್ರೈವರ್, ಅಂದರೆ ಅದನ್ನು ಮಷೀನಿಗೆ ಪರಿಚಯಿಸುವ ಪ್ರೋಗ್ರಾಂ, ಇರುವ ಫ್ಲಾಪಿ ಹಾಕಬೇಕು. ಇಲ್ಲದಿದ್ದರೆ ಡಿಸ್ಕು ಹೊಟ್ಟೆಯೊಳಗೇ ಇದ್ದರೂ ಮಷೀನು ‘ಡಿಸ್ಕ್ ಇಲ್ಲ’ ಎಂದು ಹಟ ಹಿಡಿಯುತ್ತದೆ. ನಕಲು ಮಾಡಲು ಬಿಡದ ಆ ಫ್ಲಾಪಿ ಇದ್ದದ್ದು ಒಂದೇ. ಅದರ ಮೇಲೆ ನಾಗೇಂದ್ರ ಹಸಿರು ಶಾಯಿಯಲ್ಲಿ ‘ಮೊದಲು ಇದು’ ಎಂದು ಬರೆದು, ಕಾರ್ಖಾನೆಯ ಮ್ಯಾನೇಜರ್ ಚೂಡಪ್ಪನ ಕೈಗೆ ಕೊಟ್ಟು ಬಂದಿದ್ದ.

ಆಯುಧಪೂಜೆ ಬಂತು. ಉಳಿ, ಸುತ್ತಿಗೆ, ಗರಗಸಗಳ ಜೊತೆ ಕಂಪ್ಯೂಟರಿಗೂ ಪೂಜೆ ಆಯಿತು. ಆಗಿನ ಫ್ಲಾಪಿಯ ಕವಚದಲ್ಲಿ ಉದ್ದನೆಯ ಒಂದು ಕಿಟಕಿ ಇರುತ್ತಿತ್ತು, ಅದರೊಳಗೆ ಮಾಹಿತಿ ಬರೆದಿರುವ ಕಂದು ತಟ್ಟೆ ಕಾಣುತ್ತಿತ್ತು. ಬೊಟ್ಟಿಡಲೆಂದೇ ಜಾಗ ಬಿಟ್ಟಿದ್ದಾರೆ ಎಂದುಕೊಂಡ ಪುಣ್ಯಾತ್ಮ ಚೂಡಪ್ಪ ಅಲ್ಲಿಗೇ ಗಂಧ ಬಳಿದ. ಸಾಗರದಲ್ಲಿ ಗಂಧಕ್ಕೇನು ಬರ!

ಸ್ವಲ್ಪ ದಿನಕ್ಕೆ ಮಷೀನು ಕೆಟ್ಟಿತು. ಎಲ್ಲ ಹೊಸದಾಗಿ ಹಾಕಲು ನಾಗೇಂದ್ರ ಹೋದರೆ ಮಷೀನು ಫ್ಲಾಪಿಯನ್ನು ಓದಲಿಲ್ಲ. ಅವನು ಗಂಧದ ಕಲೆ ತೋರಿಸುವಷ್ಟರಲ್ಲಿ ಚೂಡಪ್ಪ ಅದನ್ನು ಕಿತ್ತುಕೊಂಡು ಒಳಗೆ ಹೋದ. ಆಮೇಲೆ ಸಾಹುಕಾರರ ಮುಂದೆ, “ಇವ್ನೇ ಒಳ್ಳೇ ಫ್ಲಾಪಿ ಕದ್ದು ಮಾರ್ಕಂಡಿದಾನೆ” ಎಂದು ಕೈ ತೊಳೆದುಕೊಂಡ. ನಮ್ಮ ಬಾಸ್ ಒಂದು ಮಾತೂ ವಿಚಾರಿಸದೆ ನಾಗೇಂದ್ರನನ್ನು ಕೆಲಸದಿಂದ ತೆಗೆದರು. ತಿಂಗಳು ಕಳೆಯುವುದರೊಳಗೆ ಅವನ ಹೆಣ ಶರಾವತಿಯ ಹಿನ್ನೀರಿನಲ್ಲಿ ಸಿಕ್ಕಿತು. ಜಾರಿ ಬಿದ್ದ ಅಂದರು. ಹೊಸನಗರದಲ್ಲಿ ಬಟ್ಟೆ ಹೊಲಿಯುತ್ತಿದ್ದ ಅವನ ಹೆಂಡತಿ ಶಾರದಾಳನ್ನು ಜನ ‘ಕಳ್ಳನ ಹೆಂಡ್ತಿ’ ಎಂದು ಕರೆಯತೊಡಗಿದರು.

ಡ್ರೈವರಿನ ಇನ್ನೊಂದು ಫ್ಲಾಪಿ ತರಿಸಲು ವರ್ಷ ಹಿಡಿಯಿತು. ಅದು ಬಂದಾಗ ಮತ್ತೆ ಆಯುಧಪೂಜೆ. ಪೂಜೆ ಮಾಡಿದ ಆಯುಧವನ್ನು ಮರುದಿನದವರೆಗೆ ಯಾರೂ ಮುಟ್ಟುವುದಿಲ್ಲ, ಕೆತ್ತನೆಯವರೆಲ್ಲ ಮನೆಗೆ ಹೋಗಿದ್ದರು. ಬೆಳಿಗ್ಗೆ ಪರದೇಶದ ಗಿರಾಕಿಗಳು ಬರುವವರಿದ್ದರು, ಚೂಡಪ್ಪನಿಗೆ ಮಷೀನು ನಡೆಯಲೇಬೇಕಿತ್ತು. ನನಗೆ ಮಷೀನು ನೆಪ ಮಾತ್ರ. ಅವನ ಬಾಯಿಂದ ನಿಜ ಹೊರಡಿಸಿ ನಾಗೇಂದ್ರನ ಹೆಸರು ಉಳಿಸಬೇಕೆಂದೇ ಹೋಗಿದ್ದೆ.

ಕತ್ತಲಾಗಿತ್ತು. ಕೋಣೆಯಲ್ಲಿ ನಾನು, ಚೂಡಪ್ಪ ಇಬ್ಬರೇ. ಹೊಸ ಫ್ಲಾಪಿ ಹಾಕಿದೆ. ಅದನ್ನು ಓದುವ ಡ್ರೈವ್ ಕರ್ರ್... ಕರ್ರ್... ಎಂದು ನಿಂತಿತು, ಪರದೆಯ ಮೇಲೆ ಅದೇ ಮಾತು: ಡಿಸ್ಕ್ ಇಲ್ಲ.

“ಎಂತ ಸಾರ್, ಓದ್ತಿಲ್ವಾ?”

ಹೊರಗೆಳೆದು ನೋಡಿದೆ. ಕಿಟಕಿಯ ಮೇಲೆ ಗಂಧ! ಹಸಿ ಗಂಧ, ಮುಟ್ಟಿದರೆ ಮಂಜಿನಷ್ಟು ತಣ್ಣಗೆ. ನಾನು ಅದನ್ನು ಕವರಿನಿಂದ ಆಗಷ್ಟೇ ತೆಗೆದಿದ್ದೆ. ಸ್ಪಿರಿಟ್ ಹಾಕಿ ಒರೆಸಿ ಮತ್ತೆ ಹಾಕಿದೆ. ಮತ್ತೆ ಡಿಸ್ಕ್ ಇಲ್ಲ. ಮತ್ತೆ ಹಸಿ ಗಂಧ...

“ಚೂಡಪ್ಪೋರೇ, ಹೋದ ವರ್ಷ ಗಂಧ ಹಚ್ಚಿದ್ದು ಯಾರು?”

“ನಂಗೇನ್ ಗೊತ್ತು ಮಾರಾಯ್ರೆ...” ಅವನು ಬಾಗಿಲ ಕಡೆ ನೋಡಿದ. “ಸತ್ತೋನ ಸುದ್ದಿ ಈಗ್ಯಾಕೆ?”

ನಾನು ಸಿಟ್ಟಿನಿಂದ ಹೊಸ ಫ್ಲಾಪಿಯನ್ನು ಬ್ಯಾಗಿಗೆ ತುರುಕಿದೆ. ಆಗಲೇ ಕರೆಂಟು ಹೋಯಿತು. ಕತ್ತಲು... ಕೋಣೆ ತುಂಬ ಗಂಧದ ವಾಸನೆ, ಅದರ ಹಿಂದೆಯೇ ಕೆಸರು ನೀರಿನ ನಾತ.

ಆ ಕತ್ತಲಲ್ಲಿ ಡ್ರೈವಿನ ಕೆಂಪು ದೀಪ ಹತ್ತಿತು.

ಕರೆಂಟಿಲ್ಲ, ಡ್ರೈವಿನಲ್ಲಿ ಫ್ಲಾಪಿಯೂ ಇಲ್ಲ. ಆದರೂ ಅದು ತಿರುಗುತ್ತಿತ್ತು. ಕರ್ರ್... ಟಕ್... ಕರ್ರ್... ಟಕ್... ಚೂಡಪ್ಪ ನನ್ನ ತೋಳನ್ನು ಉಗುರು ಊರುವಂತೆ ಹಿಡಿದ.

ಕರೆಂಟು ಬಂತು. ಪರದೆಯ ಮೇಲೆ ಡ್ರೈವರ್ ಕೂತ ಸಂದೇಶ, ಕೆಳಗೆ ಡಿಸ್ಕಿನ ಹೆಸರು. ನಾನು ಡ್ರೈವಿನ ಬಾಗಿಲು ತೆರೆದೆ. ಒಳಗಿಂದ ಒಂದು ಫ್ಲಾಪಿ ಹೊರಬಂತು. ಹಸಿರು ಶಾಯಿಯ ಅಕ್ಷರ... ‘ಮೊದಲು ಇದು’.

ಚೂಡಪ್ಪ ಕಿರುಚಿದ: “ಇದ್ನ ನಾನೇ ಸುಟ್ಟಿದ್ದೆ! ಗಂಧ ಹಚ್ಚಿದ್ದು ಗೊತ್ತಾಗ್ಬಾರ್ದು ಅಂತ ನನ್ ಕೈಯಾರೆ ಒಲೆಗ್ ಹಾಕಿದ್ದೆ! ಅವ ಕದ್ದಿರ್ಲಿಲ್ಲ... ಬಿಟ್ಬಿಡೋ ನಾಗೇಂದ್ರ!”

ಬಾಗಿಲಲ್ಲಿ ಸಾಹುಕಾರರು ನಿಂತಿದ್ದರು. ಕರೆಂಟು ಹೋಯಿತೆಂದು ಲಾಟೀನು ಹಿಡಿದು ಬಂದವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮರುದಿನ ಚೂಡಪ್ಪ ಆ ಕಾರ್ಖಾನೆಯಲ್ಲಿ ಇರಲಿಲ್ಲ. ನನಗೆ ಅಯ್ಯೋ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ?

ಫ್ಲಾಪಿಯನ್ನು ಹೊಸನಗರಕ್ಕೆ ಒಯ್ದು ಶಾರದಾಳ ಕೈಗಿಟ್ಟೆ. ನಡೆದದ್ದನ್ನೆಲ್ಲ ಹೇಳಿ, “ಸೇಡು ತೀರ್ತು ಕಣಮ್ಮ” ಎಂದೆ. ಅವಳು ಹಸಿರು ಅಕ್ಷರದ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಅತ್ತಳು. ಆಮೇಲೆ ತಣ್ಣಗೆ ಕೇಳಿದಳು: “ಸುಳ್ಳು ಹೇಳಿದ್ದು ಅವ್ನು. ಒಂದ್ ಮಾತೂ ಕೇಳ್ದೆ ನಂಬಿದ್ಯಾರು ಅಣ್ಣಾ?” ಫ್ಲಾಪಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು.

ರಜೆ ಮುಗಿಸಿ ಶಿವಮೊಗ್ಗದ ಆಫೀಸಿನ ಬೀಗ ತೆಗೆದೆ. ಒಳಗಿಂದ ಗಂಧದ ವಾಸನೆ ಮುಖಕ್ಕೆ ಹೊಡೆಯಿತು. ಮೇನ್ ಸ್ವಿಚ್ ಆಫ್ ಇತ್ತು. ಬಾಸಿನ ಮೇಜಿನ ಮೇಲಿದ್ದ ಮಷೀನಿನಲ್ಲಿ ಕೆಂಪು ದೀಪ ಉರಿಯುತ್ತಿತ್ತು... ಕರ್ರ್... ಟಕ್...

ಮೆಲ್ಲಗೆ ಬಾಗಿಲು ಎಳೆದುಕೊಂಡು ಹೊರಗೆ ನಿಂತೆ. ಬಾಸ್ ಬಂದರು. “ಯಾಕಯ್ಯಾ, ಒಳಗೆ ಹೋಗಿಲ್ಲ?”

“ಮೊದಲು ನೀವು ಹೋಗಿ, ಸಾರ್.”

ಅವರು ಹೋದರು. ಒಳಗೆ ಏನು ಕಂಡರೋ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಹೊರಗೆ ಬಂದವರೇ ಚಪ್ಪಲಿಯನ್ನೂ ಮೆಟ್ಟದೆ ಓಡಿ ಹೊಸನಗರದ ಬಸ್ಸು ಹತ್ತಿದರು. ಶಾರದಾಳ ಹೊಲಿಗೆ ಅಂಗಡಿಯ ಮುಂದೆ, ಊರ ಜನರೆದುರು ಕೈ ಮುಗಿದು ತಪ್ಪಾಯಿತು ಅಂದರಂತೆ.

ನಾಗೇಂದ್ರನ ಹೆಸರು ಉಳಿಯಿತು, ನನಗೆ ಬೇಕಾಗಿದ್ದೂ ಅದೇ. ಆದರೂ ಎಲ್ಲಾದರೂ ಗಂಧದ ವಾಸನೆ ಬಂದರೆ ಈಗಲೂ ತಿರುಗಿ ನೋಡುತ್ತೇನೆ. ಯಾಕೆಂದರೆ ಅವತ್ತು ಆಫೀಸಿನ ಬಾಗಿಲಲ್ಲಿ ನಿಂತು ಬಾಸಿಗೆ ‘ಮೊದಲು ನೀವು’ ಅಂದ ಆ ಮಾತು ನನ್ನ ಬಾಯಿಂದಲೇ ಬಂತು, ನಿಜ... ಆದರೆ ದನಿ ನನ್ನದಾಗಿರಲಿಲ್ಲ.