ಏಳು ಅಂಕದಾಚೆ

ಸೊರಬದ ಬಳಿಯ ಜಡೆ ಗ್ರಾಮದ ಲೋಕಪ್ಪನ ಮಗಳು ಪ್ರಮೀಳಾ ಕಿರ್ಗಿಸ್ತಾನದಲ್ಲಿ ಎಂಬಿಬಿಎಸ್ ಮುಗಿಸಿ ಬಂದ ದಿನದಿಂದಲೇ ಊರಿನವರು ಅವಳನ್ನು ಡಾಕ್ಟ್ರವ್ವ ಎಂದು ಕರೆಯತೊಡಗಿದರು. ಹೊರದೇಶದಲ್ಲಿ ಓದಿ ಬಂದವರು ಇಲ್ಲಿ ಮುನ್ನೂರು ಪ್ರಶ್ನೆಗಳ ಇನ್ನೊಂದು ಪರೀಕ್ಷೆ ಬರೆಯಬೇಕು, ನೂರೈವತ್ತು ಅಂಕ ಬಂದರಷ್ಟೇ ಮುಂದಿನ ದಾರಿ ಎಂಬುದು ಅವರಿಗೆ ಗೊತ್ತಿರಲಿಲ್ಲ. ಯಾರಾದರೂ ಮಂಡಿನೋವಿಗೆ ಮಾತ್ರೆ ಬರೆದುಕೊಡು ಎಂದು ಕಟ್ಟೆಯ ಮೇಲೆ ಬಂದು ಕೂತರೆ, ಸೊರಬಕ್ಕೆ ಹೋಗಿ ತೋರಿಸಿ ಎಂದು ಹೇಳಿ ಕಳಿಸುತ್ತಿದ್ದಳು.

ಓದಿನ ವರ್ಷಗಳಲ್ಲಿ ಎರಡನ್ನು ಕೊರೋನಾ ನುಂಗಿತ್ತು. ವಾರ್ಡಿನಲ್ಲಿ ನಿಂತು ಕಲಿಯಬೇಕಾದ್ದನ್ನು ಅವಳು ಕುರಿದೊಡ್ಡಿಯ ಪಕ್ಕದ ಕೋಣೆಯಲ್ಲಿ ಕೂತು ಮೊಬೈಲಿನಲ್ಲಿ ಕಲಿತಿದ್ದಳು. ಕಿರ್ಗಿಸ್ತಾನದ ಆಸ್ಪತ್ರೆಯಲ್ಲಿ ಅವಳು ಕೈಯಾರೆ ಪರೀಕ್ಷಿಸಿದ ರೋಗಿಗಳು ಬೆರಳೆಣಿಕೆಯಷ್ಟು. ಅವರಲ್ಲೊಬ್ಬ ಮುದುಕಿ ಇವಳ ಅಂಗೈಯನ್ನು ತನ್ನ ಎದೆಗೆ ಒತ್ತಿಕೊಂಡು ಏನೋ ಹೇಳಿದ್ದಳು. ಭಾಷೆ ತಿಳಿಯಲಿಲ್ಲ. ಆ ಬಡಿತ ಮಾತ್ರ ಎಷ್ಟೋ ದಿನ ಅಂಗೈಯಲ್ಲೇ ಇದ್ದಂತಿತ್ತು.

ಮೊದಲ ಸಲ ನೂರಾ ಇಪ್ಪತ್ತೆಂಟು ಬಂತು. ಎರಡನೆಯ ಸಲಕ್ಕೆ ಅವಳು ಶಿಕಾರಿಪುರದಲ್ಲಿ ಸುನಿತಾಳ ಮನೆಯ ಮಹಡಿಯಲ್ಲಿ ಉಳಿದು ಓದಿದಳು. ಸುನಿತಾ ಕಿರ್ಗಿಸ್ತಾನದಲ್ಲಿ ಅವಳ ಜೊತೆಗೇ ಓದಿದವಳು. ಪ್ರಮೀಳಾ ದಿನಕ್ಕೆ ಹದಿನಾಲ್ಕು ತಾಸು ಕೂರುತ್ತಿದ್ದಳು, ವಿಡಿಯೋ ಪಾಠಗಳನ್ನು ಓಡಿಸಿ ನೋಡುತ್ತಿದ್ದಳು, ಪುಸ್ತಕದ ತುಂಬ ಮೂರು ಬಣ್ಣದ ಗೆರೆ ಎಳೆಯುತ್ತಿದ್ದಳು. ಸುನಿತಾ ಒಂದು ತಾಸು ಓದಿ ಪುಸ್ತಕ ಮುಚ್ಚಿ, ಓದಿದ್ದನ್ನು ತನಗೆ ತಾನೇ ಜೋರಾಗಿ ಹೇಳಿಕೊಳ್ಳುತ್ತ ತಾರಸಿಯ ಮೇಲೆ ಅಡ್ಡಾಡುತ್ತಿದ್ದಳು. ದಿನಾ ನೂರು ಹಳೆಯ ಪ್ರಶ್ನೆ ಬಿಡಿಸಿ, ತಪ್ಪಿದ್ದು ಯಾಕೆ ತಪ್ಪಿತು ಎಂದು ಬರೆದಿಡುತ್ತಿದ್ದಳು. ಇವಳಿಗೆ ಓದೋದೇ ಬೇಜಾರು ಎಂದುಕೊಂಡು ಪ್ರಮೀಳಾ ಒಳಗೊಳಗೇ ನಗುತ್ತಿದ್ದಳು.

ಫಲಿತಾಂಶ ಬಂದಾಗ ಸುನಿತಾಳಿಗೆ ನೂರಾ ಎಪ್ಪತ್ತೆರಡು. ಪ್ರಮೀಳಾಳಿಗೆ ನೂರಾ ನಲವತ್ತಮೂರು.

ಸುನಿತಾ ಇಂಟರ್ನ್‌ಶಿಪ್‌ಗೆಂದು ದಾವಣಗೆರೆಗೆ ಹೋದಳು. ಪ್ರಮೀಳಾ ಜಡೆಗೆ ಮರಳಿದಳು. ಫೋನಿನಲ್ಲಿ ಸುನಿತಾ ಪರೀಕ್ಷೆಯ ಮಾತೆತ್ತಿದರೆ ಇವಳು ವಾರ್ಡಿನ ಸುದ್ದಿ ಕೇಳುತ್ತಿದ್ದಳು. ಹೆರಿಗೆಗೆ ಬಂದವಳು ಏನೆಂದಳು, ಜ್ವರದವನ ಕೈ ತಣ್ಣಗಿತ್ತೋ ಬಿಸಿಯಾಗಿತ್ತೋ, ಡಾಕ್ಟರರ ರೌಂಡ್ಸಿನಲ್ಲಿ ನೀನು ಎಲ್ಲಿ ನಿಲ್ಲುತ್ತಿ. ಊಟಕ್ಕೆ ಕೂತವರನ್ನು ಹಸಿದವರು ನೋಡುವ ಹಾಗೆ ಕೇಳುತ್ತಿದ್ದಳು. ಕೊನೆಗೊಂದು ದಿನ ಸುನಿತಾ ಹೇಳಿಯೇಬಿಟ್ಟಳು.

"ನೀನು ನನಗಿಂತ ಹೆಚ್ಚು ಓದೀದಿ ಪ್ರಮೀಳಾ. ಪುಸ್ತಕ ಮುಚ್ಚಿದ ಮ್ಯಾಲೆ ಎಷ್ಟು ಉಳದೈತಿ ಅಂತ ಒಂದಿನಾನೂ ನೋಡ್ಕಂಡಿಲ್ಲ."

ಸಿಟ್ಟು ಬಂತು. ಸಿಟ್ಟಿನಲ್ಲೇ ಅವಳು ಪುಸ್ತಕ ಮುಚ್ಚಿ, ಹತ್ತು ಸಲ ಓದಿದ್ದ ಕಾಮಾಲೆಯ ಬಗ್ಗೆ ನೆನಪಿದ್ದಷ್ಟನ್ನು ಬರೆಯಲು ಕೂತಳು. ನಾಲ್ಕು ಸಾಲಿಗೆ ಪೆನ್ನು ನಿಂತಿತು.

ಮರುದಿನದಿಂದ ಅವ್ವ ಗುತ್ಯಮ್ಮ ಕೆರೆಯ ಏರಿಯತ್ತ ಕುರಿ ಹೊಡೆದುಕೊಂಡು ಹೊರಟಾಗ ಪ್ರಮೀಳಾಳೂ ಜೊತೆಗೆ ಹೊರಟಳು. ಬೆಳಗ್ಗೆ ಓದಿದ್ದನ್ನು ಪುಸ್ತಕವಿಲ್ಲದೆ ಅವ್ವನಿಗೆ ಹೇಳುವುದು. ಗುತ್ಯಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಕಾಮಾಲೆಯ ಕಥೆ ಪೂರ್ತಿ ಕೇಳಿ, ಅಡ್ಡ ಹೋದ ಕುರಿಯನ್ನು ತಿರುಗಿಸಿ ಬಂದು ಕೇಳಿದಳು:

"ಅಲ್ಲ ಮಗಾ, ಮೈಯೆಲ್ಲ ಬಿಟ್ಟು ಕಣ್ಣೇ ಯಾಕೆ ಮೊದ್ಲು ಹಳದಿ ಕಾಣ್ತೈತೆ?"

ಪ್ರಮೀಳಾ ಗೊತ್ತಿಲ್ಲ ಎಂದಳು.

"ಹಂಗಾದ್ರೆ ನಾಳೆ ಹೇಳು."

ಆ 'ನಾಳೆ' ದಿನಚರಿಯಾಯಿತು. ಗೊತ್ತಿಲ್ಲದ್ದನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಹಾಕಿ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಮತ್ತೊಮ್ಮೆ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಭಾನುವಾರ ಮೊಬೈಲನ್ನು ಅಪ್ಪನ ಕೈಗೆ ಕೊಟ್ಟು, ಪರೀಕ್ಷೆಯಂತೆಯೇ ಗಡಿಯಾರ ಇಟ್ಟುಕೊಂಡು ಮುನ್ನೂರು ಪ್ರಶ್ನೆ ಬಿಡಿಸುತ್ತಿದ್ದಳು.

ನವೆಂಬರಿನ ಒಂದು ಬೆಳಗ್ಗೆ ಪಕ್ಕದ ಮನೆಯ ಹುಚ್ಚಮ್ಮ ಬಂದು, ಗಂಡನಿಗೆ ಗ್ಯಾಸು ಹಿಡಿದಿದೆ, ಜೀರಿಗೆ ಕಷಾಯಕ್ಕೂ ಜಗ್ಗುತ್ತಿಲ್ಲ ಎಂದಳು. ಪ್ರಮೀಳಾ ಹೋಗಿ ನೋಡಿದರೆ ಉಜ್ಜಪ್ಪ ಗೋಡೆಗೆ ಒರಗಿ ಕೂತಿದ್ದ. ತಂಪು ಹೊತ್ತಿನಲ್ಲೂ ಅಂಗಿ ಬೆವರಿಗೆ ಅಂಟಿತ್ತು, ಎದೆಯ ನೋವು ದವಡೆಯವರೆಗೂ ಏರುತ್ತಿದೆ ಎಂದ. ಇದು ಗ್ಯಾಸಲ್ಲ, ಹೃದಯದ ತೊಂದರೆ ಎಂದು ಅವಳು ಖಡಾಖಂಡಿತವಾಗಿ ಹೇಳಿದಳು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ಹುಚ್ಚಮ್ಮ ಕಂಡಿರಲಿಲ್ಲ. ಸಿಕ್ಕ ಓಮ್ನಿಯಲ್ಲಿ ಸೊರಬದ ಆಸ್ಪತ್ರೆಗೆ ಕರೆದೊಯ್ದರು.

ಡ್ಯೂಟಿ ಡಾಕ್ಟರು, "ನೀವು ಇವರಿಗೆ ಏನಾಗಬೇಕು?" ಎಂದು ಕೇಳಿದರು.

"ಪಕ್ಕದ ಮನೆಯವಳು ಸರ್," ಎಂದಳು ಪ್ರಮೀಳಾ.

"ಹೊತ್ತಿಗೆ ಸರಿಯಾಗಿ ಕರ್ಕೊಂಡು ಬಂದ್ರಿ. ಹೊರಗಿರಿ."

ಬಾಗಿಲು ಮುಚ್ಚಿತು. ಹೊರಗೆ ಹುಚ್ಚಮ್ಮ ಅಳುತ್ತಿದ್ದಳು. ಪ್ರಮೀಳಾ ಅವಳ ಭುಜ ಹಿಡಿದು ನಿಂತಿದ್ದರೂ ಕಿವಿ ಒಳಗಿತ್ತು. ಟ್ರಾಲಿಯ ಚಕ್ರ, ಇಸಿಜಿ ಕಾಗದ ಹೊರಬರುವ ಸದ್ದು, ಕೊಡಲು ಹೇಳಿದ ಮಾತ್ರೆಗಳ ಹೆಸರು. ಅವರು ಹೇಳುವ ಮೊದಲೇ ಮುಂದಿನದು ಅವಳ ನಾಲಿಗೆಯ ತುದಿಗೆ ಬರುತ್ತಿತ್ತು. ಉಜ್ಜಪ್ಪನನ್ನು ಶಿವಮೊಗ್ಗಕ್ಕೆ ಕಳಿಸಿದರು. ಬದುಕಿದ. ಜಡೆಯ ಬಸ್ಸಿನಲ್ಲಿ ಒಬ್ಬಳೇ ಬರುವಾಗ ಪ್ರಮೀಳಾಳಿಗೆ ಅಳು ಬಂತು. ಅದು ಭಯದ ಅಳುವಲ್ಲ, ಆ ಬಾಗಿಲ ಒಳಗೆ ಇರಬೇಕೆಂಬ ಆಸೆಯ ಅಳು.

ಜನವರಿಯಲ್ಲಿ ಮೂರನೆಯ ಸಲ ಬರೆದಳು. ನೂರಾ ಅರವತ್ತನಾಲ್ಕು. ಲೋಕಪ್ಪ ಆ ಸಂಖ್ಯೆಯನ್ನು ಎರಡು ಸಲ ಹೇಳಿಸಿಕೊಂಡು, ದೊಡ್ಡಿಯ ಕಡೆ ಹೋಗಿ ಎಷ್ಟೋ ಹೊತ್ತು ಅಲ್ಲೇ ನಿಂತಿದ್ದ. ಇಂಟರ್ನ್‌ಶಿಪ್ಪಿನ ಸೀಟಿಗೆ ಮತ್ತೆ ಐದು ತಿಂಗಳು ಕಾಯಬೇಕಾಯಿತು. ಆ ಐದು ತಿಂಗಳು ಹಿಂದಿನ ಎರಡು ವರ್ಷಕ್ಕಿಂತ ಉದ್ದವಾಗಿದ್ದವು.

ಸೀಟು ಸಿಕ್ಕ ಆಸ್ಪತ್ರೆಯಲ್ಲಿ ಮೊದಲ ದಿನ, ಹೆಂಗಸರ ವಾರ್ಡಿನಲ್ಲಿ ಹನ್ನೊಂದು ಜನರ ನಾಡಿ, ಬಿಪಿ ನೋಡಿ ಬರೆಯಲು ಹೇಳಿದರು. ಅರ್ಧ ತಾಸಿನ ಕೆಲಸ. ಒಂದೂವರೆ ತಾಸಾದರೂ ಮುಗಿಯದ್ದನ್ನು ಕಂಡು ನರ್ಸು ಹುಡುಕಿಕೊಂಡು ಬಂದಳು. ಪ್ರಮೀಳಾ ಏಳನೆಯ ಮಂಚದ ಬಳಿ, ಚಂದ್ರಗುತ್ತಿ ಕಡೆಯ ಮುದುಕಿಯೊಬ್ಬಳ ಮಣಿಕಟ್ಟು ಹಿಡಿದು ನಿಂತಿದ್ದಳು.

"ಏನಾರ ಕೆಟ್ಟದೈತಾ ತಾಯಿ? ಇಷ್ಟೊತ್ತು ಹಿಡ್ಕಂಡಿದೀಯ," ಎಂದು ಮುದುಕಿ ಕೇಳಿದಳು.

"ಏನಿಲ್ಲ ಅಜ್ಜಿ. ಚೆನ್ನಾಗೈತೆ," ಎಂದಳು ಪ್ರಮೀಳಾ. ಕೈ ಮಾತ್ರ ಬಿಡಲಿಲ್ಲ.