ತಿರುಗಿಸಿ ಹೊಲಿದ ಕೋಟು

ಹೋದ ತಿಂಗಳು ಒಂದು ಬೆಳಿಗ್ಗೆ ಟೈಲರ್ ಹನುಮಂತಪ್ಪನವರ ಹೆಂಡತಿ ನಾಗಮ್ಮ ನಮ್ಮ ಬಾಗಿಲಿಗೆ ಬಂದು ನಿಂತರು. ಕೈಯಲ್ಲೊಂದು ಅಂಗಿ. ಅಂಗಿ ಎನ್ನಬಹುದೋ ಇಲ್ಲವೋ, ಅದಕ್ಕೆ ತೋಳೂ ಇರಲಿಲ್ಲ, ಕಾಲರೂ ಇರಲಿಲ್ಲ.

"ನೋಡ್ರಣ್ಣಾ, ನಮ್ಮನೆಯವರ ಕೆಲಸ. ಗಟ್ಟಿ ಇದ್ದ ಅಂಗಿ ಬಿಚ್ಚಿ ಹಾಕ್ತಾರೆ, ಮತ್ತೆ ಹೊಲೀತಾರೆ, ಮತ್ತೆ ಬಿಚ್ತಾರೆ. ಮಾತಿಲ್ಲ, ಕತೆಯಿಲ್ಲ. ಗಾಳಿ ಸೋಕೈತೆ ಅಂತಾರೆ ಎಲ್ಲಾರೂ. ಸೊಕ್ಕೆ ಊರ ಕಡೆ ಯಾರೋ ಬೇವಿನಸೊಪ್ಪಲ್ಲಿ ಹೊಡೆದು ಬಿಡಿಸ್ತಾರಂತೆ. ಕರಕೊಂಡು ಹೋಗಾಕೆ ನೀವೊಂದು ಮಾತು ಅವರಿಗೆ ಹೇಳ್ರಿ."

ಗಾಳಿಯೇ? ಯುದ್ಧ ಎಲ್ಲೋ ದೂರದಲ್ಲಿ ನಡೆಯುತ್ತಿದೆ, ಬಟ್ಟೆ ಮಾತ್ರ ನಮ್ಮ ನ್ಯಾಮತಿಯಲ್ಲಿ ಮಾಯವಾಗಿದೆ. ಸರ್ಕಾರ ಅಳೆದು ಕೊಡುವ ಕಂಟ್ರೋಲ್ ಅಂಗಡಿಯಲ್ಲಿ ಕಾದು ನಿಂತರೆ ಒಂದು ಸೀರೆಯೋ ಪಂಚೆಯೋ ಸಿಕ್ಕೀತು. ಸೀರೆಗೂ ಪಂಚೆಗೂ ಟೈಲರ್ ಯಾಕೆ ಬೇಕು?

ಹೋದೆ. ಧೈರ್ಯ ಹೇಳಬೇಕು, ಸಂಜೆ ವಾಕಿಂಗಿಗೆ ಕರೆಯಬೇಕು ಎಂದೆಲ್ಲ ದಾರಿಯಲ್ಲೇ ಭಾಷಣ ಸಿದ್ಧ ಮಾಡಿಕೊಂಡಿದ್ದೆ. (ಬರೆಯುವವರಿಗೆ ಇದೊಂದು ರೋಗ.)

ಹನುಮಂತಪ್ಪ ಗಡ್ಡ ಬಿಟ್ಟುಕೊಂಡು, ಬೀದಿಗೆ ಬೆನ್ನು ಹಾಕಿ ಕೂತಿದ್ದರು. ಮಿಷನ್ ಮೇಲೆ ಗೋಣಿತಾಟು ಹೊದಿಸಿತ್ತು.

"ಊಟಕ್ಕೆ ತೊಂದರೆಯಾ?" ಎಂದೆ.

"ಇಲ್ರೀ. ಮಾವನ ಮನೆಯಿಂದ ಜೋಳ ಬರ್ತೈತೆ. ಹೊಟ್ಟೆಗೇನೂ ಆಗಿಲ್ಲ." ಮಿಷನ್ ಮೇಲಿನ ಗೋಣಿತಾಟು ಎಳೆದು ಸರಿಮಾಡಿದರು. "ಮುಂಚೆ ಹಬ್ಬ ಬಂದ್ರೆ ಜನ ಹುಡುಕ್ಕೊಂಡು ಬರೋರು. ಕುಪ್ಪಸ ಆಗಿಲ್ಲ ಅಂತ ನಾನು ಹಿತ್ತಲ ಬಾಗಿಲಿಂದ ಓಡಿಹೋಗ್ತಿದ್ದೆ. ಈಗ ನನ್ನ ಕಂಡ್ರೆ ಅವರೇ ಬೇರೆ ಬೀದಿ ಹಿಡೀತಾರೆ. ಬೆಳಿಗ್ಗೆ ಎದ್ರೆ, ಯಾಕೆ ಎದ್ದೆ ಅನ್ನಂಗಾಗ್ತೈತೆ. ಒಂದು ಅಂಗಿ ಬಿಚ್ಚಿ ಹಾಕಿದ್ರೆ, ಹೊಲಿಯಾಕೆ ಏನೋ ಐತೆ ಅಂತ ಕೂರ್ತೀನಿ."

ನನ್ನ ಭಾಷಣ ಅಲ್ಲಿಗೆ ಮುಗಿಯಿತು. ಅಷ್ಟರಲ್ಲಿ ಅವರ ಕಣ್ಣು ನನ್ನ ಕೋಟಿನ ಮೊಣಕೈ ಮೇಲೆ ಬಿತ್ತು. ಅಲ್ಲಿ ಬಟ್ಟೆ ಸವೆದು ಬಿಳಿಚಿಕೊಂಡಿತ್ತು. ತೋಳು ಮಡಚಿ ಒಳಭಾಗ ನೋಡಿದರು.

"ಒಳಮೈ ಇನ್ನೂ ಹೊಸದಂಗೈತೆ. ಪೂರಾ ಬಿಚ್ಚಿ, ಒಳಗಿಂದು ಹೊರಗೆ ಮಾಡಿ ಹೊಲಿದುಕೊಡ್ಲಾ?"

ನನಗಿರುವುದು ಒಂದೇ ಕೋಟು. ಹೊಸದಕ್ಕೆ ಬಟ್ಟೆ ಎಲ್ಲಿದೆ? ಮನಸ್ಸು ಹಿಂದೆಗೆಯಿತು, ಸುಳ್ಳೇಕೆ ಹೇಳಲಿ. ಆದರೂ ಬಿಚ್ಚಿ ಕೊಟ್ಟೆ.

ಮನೆಯಲ್ಲಿ ಮಂಗಳಾರತಿ. "ತಲೆ ಕೆಟ್ಟಿದೆ ಅಂತ ಊರೇ ಹೇಳ್ತೈತೆ. ಅಂಥವರ ಕೈಗೆ ಇದ್ದೊಂದು ಕೋಟು ಕೊಟ್ಟು ಬಂದ್ರಾ?" ಎಂದಳು ನನ್ನ ಹೆಂಡತಿ. ನಾನು ಬರೀ ಅಂಗಿಯಲ್ಲಿ ಊರು ತಿರುಗಿದೆ. ಒಳಗೊಳಗೇ ಅಳುಕೂ ಇತ್ತು.

ಕೋಟು ಬಂತು. ತಂದವರು ಹನುಮಂತಪ್ಪನವರೇ, ಗಡ್ಡ ಬೋಳಿಸಿಕೊಂಡು, ತಲೆಗೆ ರುಮಾಲು ಸುತ್ತಿಕೊಂಡು. ಬಟ್ಟೆ ತಿರುಗಿಸಿದ ಮೇಲೆ ಎಡಗಡೆಯ ಎದೆ ಜೇಬು ಬಲಕ್ಕೆ ಬಂದಿತ್ತು. ಅದನ್ನು ನೋಡಿ ಕೇಳದವರಿಲ್ಲ. ಕೇಳಿದವರಿಗೆಲ್ಲ ಹನುಮಂತಪ್ಪನವರ ಮನೆ ತೋರಿಸಿದೆ.

ಈಗ ಅಲ್ಲಿ ಹಳೇ ಕೋಟು, ಹರಿದ ಶೇರ್ವಾನಿ, ಅಪ್ಪನದನ್ನು ಮಗನಿಗೆ ಇಳಿಸಬೇಕಾದ ಅಂಗಿ ಬರುತ್ತಿವೆ. ದಂಡಿಯಾಗಿ ಅಲ್ಲ. ಹನುಮಂತಪ್ಪನವರಿಗೆ ಈಗಲೂ ಕೆಲವು ದಿನ ನಿದ್ದೆ ಇಲ್ಲವಂತೆ, ಮಂಕು ಪೂರಾ ಹೋಗಿಲ್ಲ. ಆದರೆ ಸೊಕ್ಕೆಯ ಪ್ರಯಾಣ ನಿಂತಿದೆ. ನಿನ್ನೆ ನಾಗಮ್ಮ ಸಿಕ್ಕಾಗ ಅವರದು ಹೊಸ ದೂರು: "ಮತ್ತೆ ಎಲ್ಲಾರಿಗೂ ನಾಳೆ ಬಾ, ನಾಳೆ ಬಾ ಅಂತಾರೆ ರೀ!" ಹೇಳುತ್ತಾ ನಗುತ್ತಿದ್ದರು.

ಚನ್ನಗಿರಿಯಲ್ಲಿ ಮಂಡಿ ಅಂಗಡಿ ಮುಚ್ಚಿದ್ದರಿಂದ ಮನೆ ಸೇರಿದ ಗುಮಾಸ್ತ, ಜಗಳೂರಿನಲ್ಲಿ ಕೈಖಾಲಿ ಕೂತ ನೇಕಾರ, ಇಂಥವರು ಇಲ್ಲದ ಊರು ಯಾವುದಿದೆ? ಅವರ ಮನೆಯ ಒಲೆ ಉರಿಯುತ್ತಿದೆಯೇ ಎಂದು ವಿಚಾರಿಸುತ್ತೇವೆ, ಒಳ್ಳೆಯದೇ. ಆದರೆ ಕೆಲಸ ಹೋದವನ ಹೊಟ್ಟೆಗಿಂತ ಮೊದಲು ಮನಸ್ಸು ಸೊರಗುತ್ತದೆ. ಅದಕ್ಕೆ ಬೇವಿನಸೊಪ್ಪಿನಲ್ಲಿ ಹೊಡೆದರೆ ಆಗುತ್ತದೆಯೇ? ನಮ್ಮ ಸಮಾಧಾನದ ಮಾತೂ ಸಾಲದು.

ಅಂಥವರು ಎದುರಾದಾಗ ನೀವು ಕೇಳುವುದು "ಹೇಗಿದ್ದೀರಿ?" ಎಂದೋ, "ಇದೊಂದು ಮಾಡಿಕೊಡುತ್ತೀರಾ?" ಎಂದೋ?